ಯಂತ್ರಕ್ಕೆ ಮೆಮೊರಿ ಕೇಳಿಕೊಡುವ ಕ್ರಮ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ)



ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಿ ಎಂದು ಕಾರ್ಯದರ್ಶಿಯವರು ಕೇಳಿಕೊಂಡಿದ್ದಾರೆ. ಇಂಥ ವೇದಿಕೆಯಲ್ಲಿ ಸಾಮಾನ್ಯವಾಗಿ ಯಾವ ಕೋರ್ಸ್ ಮಾಡಿದರೆ ಯಾವ ಕೆಲಸ, ಎಷ್ಟು ಸಂಬಳ ಎಂಬ ಮಾತೇ ನಡೆಯುತ್ತದೆ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲೇ ಇದ್ದಾರೆ. ನಾನು ಒಂದು ಸಣ್ಣ ವಿಷಯವನ್ನು ಎತ್ತಿಕೊಂಡು ಸ್ವಲ್ಪ ಆಳಕ್ಕೆ ಇಳಿಯಲು ಬಯಸುತ್ತೇನೆ. ಕಂಪ್ಯೂಟರಿಗೆ ಜೋಡಿಸಿದ ಒಂದು ಉಪಕರಣಕ್ಕೆ, ಅದು ಡಿಸ್ಕ್ ಇರಬಹುದು, ಕ್ಯಾಮೆರಾ ಇರಬಹುದು, ನೆಟ್‌ವರ್ಕ್ ಕಾರ್ಡ್ ಇರಬಹುದು, ಕೆಲಸ ಮಾಡಲು ಮೆಮೊರಿ ಬೇಕು. ಆ ಮೆಮೊರಿಯನ್ನು ಯಾರು, ಯಾರಲ್ಲಿ, ಯಾವ ಮಾತುಗಳಲ್ಲಿ ಕೇಳಬೇಕು? ಇಷ್ಟೇ ವಿಷಯ. ಕೇಳುವ ಮಾತು ಸರಿಯಿಲ್ಲದಿದ್ದರೆ ಯಾರದೋ ಕಡತ ಹಾಳಾಗುತ್ತದೆ. ಹಾಳಾದವನಿಗೆ ಏಕೆ ಹಾಳಾಯಿತೆಂದು ತಿಳಿಯುವುದೂ ಇಲ್ಲ. ಆದ್ದರಿಂದ ಇದನ್ನು ಕೇವಲ ತಾಂತ್ರಿಕ ಸೂಕ್ಷ್ಮವೆಂದು ತಳ್ಳಿಹಾಕುವಂತಿಲ್ಲ.

ವಾಣಿಜ್ಯ ವಿಭಾಗದವರು ಎದ್ದು ಹೋಗಬೇಡಿ. ಇದರಲ್ಲಿ ಲೆಕ್ಕಕ್ಕಿಂತ ವ್ಯವಹಾರವೇ ಹೆಚ್ಚು.

ಮೊದಲು ಪಾತ್ರಧಾರಿಗಳ ಪರಿಚಯ ಮಾಡಿಕೊಳ್ಳೋಣ. ನಿಮ್ಮ ಕಂಪ್ಯೂಟರಿನ ಅಥವಾ ಮೊಬೈಲಿನ ಒಳಗೆ ಕರ್ನಲ್ ಎಂಬ ಮೂಲ ತಂತ್ರಾಂಶ ಇರುತ್ತದೆ. ಪ್ರೊಸೆಸರಿನ ಸಮಯ, ಮೆಮೊರಿ, ಡಿಸ್ಕ್ ಎಲ್ಲವನ್ನೂ ಹಂಚುವ ಯಜಮಾನ ಅದು. ನಾನು ಉದಾಹರಣೆಗೆ ತೆಗೆದುಕೊಳ್ಳುವುದು ಲಿನಕ್ಸ್ ಕರ್ನಲನ್ನು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಇದರ ಮೂಲ ಬರಹ ಎಲ್ಲರಿಗೂ ತೆರೆದಿದೆ. ಆದ್ದರಿಂದ ನಾನು ಹೇಳುವ ಮಾತನ್ನು ನೀವೇ ಓದಿ ಪರೀಕ್ಷಿಸಬಹುದು. ಆಂಡ್ರಾಯ್ಡ್ ಫೋನುಗಳ ಒಳಗೆ ಇರುವುದೂ ಇದೇ. ಎರಡನೆಯ ಪಾತ್ರಧಾರಿ ಡಿವೈಸ್ ಡ್ರೈವರ್. ಒಂದೊಂದು ಉಪಕರಣದ ಭಾಷೆ ಬಲ್ಲ ದುಭಾಷಿ ಎನ್ನಿ. ಲಿನಕ್ಸ್ ಮೂಲ ಬರಹದಲ್ಲಿ ಅತಿ ದೊಡ್ಡ ಪಾಲು ಈ ಡ್ರೈವರುಗಳದ್ದೇ. ಅವುಗಳನ್ನು ಬರೆದವರು ಸಾವಿರಾರು ಜನ, ನೂರಾರು ಕಂಪನಿಗಳವರು. ಎಲ್ಲರೂ ಮೆಮೊರಿ ವಿಷಯದಲ್ಲಿ ಪಂಡಿತರಲ್ಲ. ಪಂಡಿತರಾಗಬೇಕೆಂದು ನಿರೀಕ್ಷಿಸುವುದೂ ತಪ್ಪು. ಹಾಗಾಗಿ ಕೇಳುವ ಕ್ರಮವೇ ಅವರನ್ನು ಕೈಹಿಡಿದು ನಡೆಸುವಂತಿರಬೇಕು. ಈ ಕ್ರಮಕ್ಕೆ ಇಂಟರ್‌ಫೇಸ್ ಎನ್ನುತ್ತಾರೆ. ನಾನು ಒಪ್ಪಂದ ಎನ್ನುತ್ತೇನೆ.

ಮದುವೆ ಮನೆಗೆ ಪಾತ್ರೆ ಬಾಡಿಗೆಗೆ ತರುವುದನ್ನು ನೆನೆಯಿರಿ. ಅಂಗಡಿಗೆ ಹೋಗಿ "ಎರಡು ದೊಡ್ಡ ಪಾತ್ರೆ ಕೊಡಿ" ಎಂದರೆ ಅವರು ಎರಡು ದೊಡ್ಡ ಪಾತ್ರೆ ಕೊಡುತ್ತಾರೆ. ಮನೆಗೆ ತಂದ ಮೇಲೆ ಅದು ನಿಮ್ಮ ಒಲೆಯ ಮೇಲೆ ಕೂರುವುದಿಲ್ಲ. "ಐನೂರು ಜನಕ್ಕೆ ಬಿರಿಯಾನಿ, ಸೌದೆ ಒಲೆ, ನಾಳೆ ಸಂಜೆ ವಾಪಸ್" ಎಂದರೆ ಅಂಗಡಿಯವನು ತನ್ನ ಅನುಭವದಿಂದ ತಕ್ಕ ಪಾತ್ರೆ ಆರಿಸುತ್ತಾನೆ. ಮೊದಲನೆಯದರಲ್ಲಿ ನೀವು ವಸ್ತುವನ್ನು ಕೇಳಿದಿರಿ. ಎರಡನೆಯದರಲ್ಲಿ ನಿಮ್ಮ ಅಗತ್ಯವನ್ನು ಹೇಳಿದಿರಿ. ಲಿನಕ್ಸಿನ ಮೂವತ್ತು ವರ್ಷಗಳ ಅನುಭವ, ನನ್ನ ಅಭಿಪ್ರಾಯದಲ್ಲಿ, ಮೊದಲನೆಯ ರೀತಿಯಿಂದ ಎರಡನೆಯ ರೀತಿಗೆ ಕಷ್ಟಪಟ್ಟು ನಡೆದ ದಾರಿ.

ಕರ್ನಲಿನ ಒಳಗೆ ಸಾಮಾನ್ಯವಾಗಿ ಮೆಮೊರಿ ಕೇಳುವ ಕರೆಗೆ ಕೆ-ಮ್ಯಾಲಕ್ ಎಂದು ಹೆಸರು. ಅದಕ್ಕೆ ಎರಡು ಮಾತು ಹೇಳಬೇಕು. ಎಷ್ಟು ಬೈಟ್ ಬೇಕು, ಮತ್ತು ನೀವು ಯಾವ ಪರಿಸ್ಥಿತಿಯಲ್ಲಿ ಕೇಳುತ್ತಿದ್ದೀರಿ. ಈ ಎರಡನೆಯ ಮಾತು ಬಹಳ ಮುಖ್ಯ. ಕೆಲವೊಮ್ಮೆ ಡ್ರೈವರ್ ಕಾಯಬಲ್ಲದು. ಆಗ ಕರ್ನಲ್ ಬೇರೆಡೆಯಿಂದ ಮೆಮೊರಿ ಬಿಡಿಸಿ ತರುವವರೆಗೆ ಅದು ನಿದ್ರಿಸಬಹುದು. ಇದಕ್ಕೆ ಜಿಎಫ್‌ಪಿ ಕರ್ನಲ್ ಎಂಬ ಗುರುತು. ಕೆಲವೊಮ್ಮೆ ಉಪಕರಣವೇ ಗಂಟೆ ಬಾರಿಸಿ ಪ್ರೊಸೆಸರನ್ನು ನಡುಗೆಲಸದಲ್ಲಿ ಎಬ್ಬಿಸಿರುತ್ತದೆ. ಇಂಟರಪ್ಟ್ ಎಂದರೆ ಅದು. ಆ ಹೊತ್ತಿನಲ್ಲಿ ನಿದ್ರೆಗೆ ಜಾರಿದರೆ ಇಡೀ ಯಂತ್ರ ಸಿಕ್ಕಿಹಾಕಿಕೊಳ್ಳಬಹುದು. ಅಲ್ಲಿ ಜಿಎಫ್‌ಪಿ ಅಟಾಮಿಕ್ ಎಂದು ಹೇಳಬೇಕು: ಇದ್ದರೆ ಈಗಲೇ ಕೊಡು, ಇಲ್ಲದಿದ್ದರೆ ಇಲ್ಲವೆನ್ನು. ಕಾಯದೆ ಕೇಳುವವರಿಗಾಗಿ ಕರ್ನಲ್ ಒಂದು ಸಣ್ಣ ಆಪದ್ಧನ ಇಟ್ಟಿರುತ್ತದೆ. ಅವಸರವಿಲ್ಲದವನೂ ಅದಕ್ಕೆ ಕೈಹಾಕಿದರೆ ನಿಜವಾಗಿ ಅವಸರವಿದ್ದವನಿಗೆ ಸಿಗುವುದಿಲ್ಲ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಲ್ಲಿಯವರೆಗೆ ಸುಲಭ. ಕಷ್ಟ ಶುರುವಾಗುವುದು ಉಪಕರಣವೇ ನೇರವಾಗಿ ಮೆಮೊರಿಗೆ ಬರೆಯತೊಡಗಿದಾಗ. ಒಂದೊಂದು ಬೈಟನ್ನೂ ಪ್ರೊಸೆಸರ್ ಎತ್ತಿಡುತ್ತಾ ಕುಳಿತರೆ ಬೇರೆ ಕೆಲಸ ಸಾಗದು. ಆದ್ದರಿಂದ "ಇಗೋ ವಿಳಾಸ, ನೀನೇ ಹಾಕಿ ಹೋಗು, ಮುಗಿದಾಗ ಹೇಳು" ಎಂದು ಉಪಕರಣಕ್ಕೇ ಬಿಟ್ಟುಬಿಡುತ್ತಾರೆ. ಇದಕ್ಕೆ ಡಿಎಂಎ ಎನ್ನುತ್ತಾರೆ. ಆದರೆ ಯಾವ ವಿಳಾಸ?

ಒಂದು ಮನೆಯ ಉದಾಹರಣೆ ಕೊಡುತ್ತೇನೆ. ಬಂಧುಗಳಿಗೆ ಅದು ಬಾವಿಕಟ್ಟೆ ಎದುರಿನ ಹಸಿರು ಗೇಟಿನ ಮನೆ. ಪುರಸಭೆಗೆ ಅದು ಒಂದು ಡೋರ್ ನಂಬರ್. ವಿದ್ಯುತ್ ಬಿಲ್ಲಿನಲ್ಲಿ ಅದು ಒಂದು ಆರ್.ಆರ್. ನಂಬರ್. ಮೂರೂ ಒಂದೇ ಮನೆ. ಆದರೆ ಲೈನ್‌ಮನ್ ಕೈಯಲ್ಲಿ ಹಸಿರು ಗೇಟು ಎಂದು ಬರೆದ ಚೀಟಿ ಕೊಟ್ಟು ಕಳಿಸಿದರೆ, ಹಸಿರು ಗೇಟಿರುವ ಇನ್ಯಾರದೋ ಮನೆಯ ಫ್ಯೂಸ್ ಕಿತ್ತುಕೊಂಡು ಹೋದಾನು. ಬಿಲ್ ಕಟ್ಟಿದವನ ಮನೆ ಕತ್ತಲಾಗುತ್ತದೆ. ಕಂಪ್ಯೂಟರಿನಲ್ಲೂ ಹೀಗೆಯೇ. ತಂತ್ರಾಂಶ ಬಳಸುವ ವಿಳಾಸ ಒಂದು, ಮೆಮೊರಿ ಚಿಪ್ಪಿನ ನಿಜವಾದ ವಿಳಾಸ ಇನ್ನೊಂದು, ಉಪಕರಣ ತನ್ನ ಜಾಗದಿಂದ ನೋಡುವ ವಿಳಾಸ ಮತ್ತೊಂದು. ಸಾಮಾನ್ಯ ಪಿ.ಸಿ.ಯಲ್ಲಿ ಕೊನೆಯ ಎರಡು ಬಹುಕಾಲ ಒಂದೇ ಆಗಿದ್ದವು. ಹೀಗಾಗಿ ಪಿ.ಸಿ.ಯಲ್ಲಿ ಕಲಿತ ಪ್ರೋಗ್ರಾಮರುಗಳಿಗೆ ಅವು ಎರಡೆಂಬುದೇ ಮರೆತುಹೋಯಿತು.

ಇದಲ್ಲದೆ ಪ್ರತಿಯೊಂದು ಉಪಕರಣದ ಕೈ ಎಷ್ಟು ಉದ್ದವೋ ಅಷ್ಟೇ ದೂರ ಅದು ಚಾಚಬಲ್ಲದು. 1984ರ ಐಬಿಎಂ ಪಿಸಿ ಎಟಿ ಯಂತ್ರದ ಡಿಎಂಎ ವ್ಯವಸ್ಥೆಗೆ 24 ಬಿಟ್ ವಿಳಾಸ ಮಾತ್ರ. ಅಂದರೆ ಮೊದಲ 16 ಎಂ.ಬಿ. ಬಿಟ್ಟು ಆಚೆಗೆ ಅದಕ್ಕೆ ಜಗತ್ತೇ ಇಲ್ಲ. ಆಗ 16 ಎಂ.ಬಿ. ಎಂದರೆ ಸಮುದ್ರ. ಹತ್ತು ವರ್ಷ ಕಳೆದ ಮೇಲೆ ಅದು ಕೊಡಪಾನ. ಲಿನಕ್ಸ್ ಇದಕ್ಕೊಂದು ಉಪಾಯ ಮಾಡಿತು. ಮೊದಲ 16 ಎಂ.ಬಿ.ಯನ್ನು ಪ್ರತ್ಯೇಕ ವಲಯವಾಗಿ ಕಾದಿಟ್ಟು, ಬೇಕಾದವರು ಜಿಎಫ್‌ಪಿ ಡಿಎಂಎ ಎಂಬ ಗುರುತು ಹಾಕಿ ಕೇಳಲಿ ಎಂದಿತು.

ಈ ಗುರುತಿನ ಹೆಸರನ್ನೇ ನೋಡಿ. "ಡಿಎಂಎಗೆ ತಕ್ಕ ಮೆಮೊರಿ" ಎಂದು ಅದು ಹೇಳುತ್ತದೆ. ಯಾರ ಡಿಎಂಎಗೆ? ಎಷ್ಟು ಉದ್ದದ ಕೈಗೆ? ಅದನ್ನು ಹೇಳಲು ಆ ಒಪ್ಪಂದದಲ್ಲಿ ಜಾಗವೇ ಇರಲಿಲ್ಲ. ಪಿ.ಸಿ.ಯಲ್ಲಿ ಅದರ ಅರ್ಥ 16 ಎಂ.ಬಿ.; ಇಟಾನಿಯಂ ಯಂತ್ರದಲ್ಲಿ 4 ಜಿ.ಬಿ.; ಬೇರೆ ಕಡೆ ಮತ್ತೇನೋ. ಬ್ರಾಡ್‌ಕಾಮ್ 4401 ಎಂಬ ನೆಟ್‌ವರ್ಕ್ ಚಿಪ್ ಒಂದಿತ್ತು. ಅದರ ಕೈ 30 ಬಿಟ್, ಅಂದರೆ 1 ಜಿ.ಬಿ.ವರೆಗೆ. 2 ಜಿ.ಬಿ. ಮೆಮೊರಿ ಇರುವ ಪಿ.ಸಿ.ಯಲ್ಲಿ ಅದಕ್ಕೆ ಅರ್ಧ ಮೆಮೊರಿ ಎಟುಕುತ್ತದೆ. ಆದರೆ "ಒಂದು ಜಿ.ಬಿ. ಒಳಗೆ ಎಲ್ಲಾದರೂ ಸರಿ" ಎಂದು ಹೇಳುವ ಶಬ್ದ ಈ ಕರೆಯಲ್ಲಿ ಇಲ್ಲದ್ದರಿಂದ ಆ ಪಾಪದ ಚಿಪ್ಪೂ ಹೋಗಿ 16 ಎಂ.ಬಿ.ಯ ಇಕ್ಕಟ್ಟಿನ ಓಣಿಯಲ್ಲಿ ನಿಲ್ಲಬೇಕಾಯಿತು. ಇದು ಹಳೆಯ ಕಾಲದ ಕಥೆ ಎಂದುಕೊಳ್ಳಬೇಡಿ. 2019ರಲ್ಲಿ ಬಂದ ರಾಸ್ಬೆರಿ ಪೈ 4 ನಿಮ್ಮಲ್ಲಿ ಕೆಲವರ ಮನೆಯಲ್ಲೇ ಇರಬಹುದು. 4 ಜಿ.ಬಿ. ಮೆಮೊರಿಯ ಆ ಪುಟ್ಟ ಹಲಗೆಯ ಕೆಲವು ಒಳ ಉಪಕರಣಗಳಿಗೂ ಮೊದಲ 1 ಜಿ.ಬಿ. ಮಾತ್ರ ಕಾಣುತ್ತದೆ. ಮೂವತ್ತೈದು ವರ್ಷಗಳ ನಂತರವೂ ಅದೇ ಸಮಸ್ಯೆ, ಅಂಕಿ ಮಾತ್ರ ಬೇರೆ.

ಪಿ.ಸಿ.ಯಿಂದ ಹೊರಗೆ, ಸ್ಪಾರ್ಕ್ ಮತ್ತು ಆಲ್ಫಾದಂಥ ಯಂತ್ರಗಳಲ್ಲಿ ಲಿನಕ್ಸ್ ನಡೆಸುತ್ತಿದ್ದವರಿಗೆ ಈ ಕ್ರಮ ಸಾಲದೆಂದು ಬೇಗ ತಿಳಿಯಿತು. ಏಕೆಂದರೆ ಅಲ್ಲಿ ಮೂರು ವಿಳಾಸಗಳೂ ನಿಜವಾಗಿಯೇ ಬೇರೆ ಬೇರೆ. ಉಪಕರಣಕ್ಕೂ ಮೆಮೊರಿಗೂ ನಡುವೆ ವಿಳಾಸ ಬದಲಿಸಿಕೊಡುವ ಐಒ-ಎಂಎಂಯು ಎಂಬ ಒಂದು ಠಾಣೆಯೇ ಇರುತ್ತಿತ್ತು. ಡೇವಿಡ್ ಮಿಲ್ಲರ್, ರಿಚರ್ಡ್ ಹೆಂಡರ್ಸನ್, ಯಾಕುಬ್ ಯೆಲಿನೆಕ್ ಎಂಬ ಮೂವರು ಹೊಸ ಒಪ್ಪಂದವನ್ನು ವಿವರಿಸುವ ಕೈಪಿಡಿ ಬರೆದರು. 2001ರ ಜನವರಿಯಲ್ಲಿ ಹೊರಬಂದ ಲಿನಕ್ಸ್ 2.4ರಲ್ಲಿ ಆ ಒಪ್ಪಂದ ಜಾರಿಗೆ ಬಂತು. ತಿದ್ದುಪಡಿಗಳೊಂದಿಗೆ ಆ ಕೈಪಿಡಿ ಇಂದಿಗೂ ಕರ್ನಲಿನ ದಾಖಲೆಗಳಲ್ಲಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ಒಮ್ಮೆ ಓದಲೇಬೇಕು. ಇಷ್ಟು ಕ್ಲಿಷ್ಟ ವಿಷಯವನ್ನು ಇಷ್ಟು ನೇರವಾಗಿ ಹೇಳಿದ ಬರಹ ಕಡಿಮೆ.

ಹೊಸ ಒಪ್ಪಂದದ ಮೊದಲ ಷರತ್ತು: ಯಾವ ಉಪಕರಣಕ್ಕಾಗಿ ಎಂದು ಹೇಳು. ಉಪಕರಣ ತನ್ನ ಕೈ ಎಷ್ಟು ಉದ್ದವೆಂದು ಮೊದಲೇ ನೋಂದಾಯಿಸಿರಬೇಕು. ಇದಕ್ಕೆ ಡಿಎಂಎ ಮಾಸ್ಕ್ ಎನ್ನುತ್ತಾರೆ. ಆ ಮೇಲೆ ವಿಳಾಸ ಹುಡುಕುವುದು ಕರ್ನಲಿನ ಜವಾಬ್ದಾರಿ. ಠಾಣೆ ಇದ್ದರೆ ಠಾಣೆಯ ಮೂಲಕ, ಇಲ್ಲದಿದ್ದರೆ ಎಟುಕುವ ಜಾಗದಲ್ಲಿ. ಅದೂ ಆಗದಿದ್ದರೆ ಎಟುಕುವ ಜಾಗದಲ್ಲಿ ತಾತ್ಕಾಲಿಕವಾಗಿ ಇಳಿಸಿ, ಅಲ್ಲಿಂದ ನಿಜವಾದ ಜಾಗಕ್ಕೆ ನಕಲು ಮಾಡಿಕೊಡುತ್ತದೆ. ದೊಡ್ಡ ಲಾರಿ ಒಳಗೆ ಬರಲಾಗದ ಓಣಿಗೆ ಮುಖ್ಯರಸ್ತೆಯಲ್ಲೇ ಸಾಮಾನಿಳಿಸಿ ಕೈಗಾಡಿಯಲ್ಲಿ ಸಾಗಿಸಿದ ಹಾಗೆ. ನಿಧಾನ ನಿಜ, ಆದರೆ ಸಾಮಾನು ತಪ್ಪು ಮನೆಗೆ ಹೋಗುವುದಿಲ್ಲ. ಡ್ರೈವರ್ ಬರೆದವನು ಇದ್ಯಾವುದನ್ನೂ ತಿಳಿಯಬೇಕಿಲ್ಲ. ಅವನ ಕೈಗೆ ಎರಡು ವಿಳಾಸ ಬರುತ್ತವೆ, ಒಂದು ತಾನು ಬಳಸಲು, ಇನ್ನೊಂದು ಉಪಕರಣಕ್ಕೆ ಕೊಡಲು. ಎರಡರ ಜಾತಿಯೇ ಬೇರೆ ಎಂದು ಕಾಣುವಂತೆ ಎರಡನೆಯದಕ್ಕೆ ಪ್ರತ್ಯೇಕ ಹೆಸರಿನ ಮಾದರಿಯನ್ನೂ ಕೊಟ್ಟರು.

ಎರಡನೆಯ ಷರತ್ತು ಒಡೆತನದ್ದು. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ.

ಪ್ರೊಸೆಸರ್ ಪ್ರತಿ ಸಲವೂ ಮೆಮೊರಿಯವರೆಗೆ ಹೋಗುವುದಿಲ್ಲ. ತನ್ನ ಪಕ್ಕದಲ್ಲೇ ಕ್ಯಾಶ್ ಎಂಬ ಸಣ್ಣ ಕಪಾಟಿನಲ್ಲಿ ನಕಲು ಇಟ್ಟುಕೊಳ್ಳುತ್ತದೆ, ಸಾಮಾನ್ಯವಾಗಿ 64 ಬೈಟುಗಳ ಒಂದೊಂದು ಕಟ್ಟಾಗಿ. ಈಗ ಉಪಕರಣ ಮೆಮೊರಿಗೆ ಹೊಸದು ಬರೆಯಿತು. ಕಪಾಟಿನಲ್ಲಿ ಹಳೆಯ ನಕಲೇ ಇದೆ. ಪ್ರೊಸೆಸರ್ ಹಳೆಯದನ್ನೇ ಓದಿ ಹೊಸದೆಂದು ನಂಬುತ್ತದೆ. ಪಿ.ಸಿ.ಯಲ್ಲಿ ಯಂತ್ರಾಂಶವೇ ಇದನ್ನು ಸರಿದೂಗಿಸುತ್ತದೆ. ಮೊಬೈಲುಗಳಲ್ಲಿರುವ ಆರ್ಮ್ ಚಿಪ್ಪುಗಳಲ್ಲಿ ಬಹಳಷ್ಟು ಸಲ ತಂತ್ರಾಂಶವೇ ನೋಡಿಕೊಳ್ಳಬೇಕು. ಆದ್ದರಿಂದ ಒಪ್ಪಂದ ಎರಡು ಬಗೆಯ ಮೆಮೊರಿ ಕೊಟ್ಟಿತು. ಒಂದು, ಇಬ್ಬರೂ ಯಾವಾಗ ನೋಡಿದರೂ ಒಂದೇ ಕಾಣುವ ಹಂಚಿಕೆಯ ಫಲಕ, ಕೊಹೆರೆಂಟ್ ಮೆಮೊರಿ. ಇದು ದುಬಾರಿ, ಆಜ್ಞೆಗಳನ್ನು ಬರೆದಿಡಲು ತಕ್ಕದ್ದು. ಇನ್ನೊಂದು, ಈಗಾಗಲೇ ಇರುವ ಮೆಮೊರಿಯನ್ನು ಸ್ವಲ್ಪ ಹೊತ್ತು ಉಪಕರಣಕ್ಕೆ ವಹಿಸಿಕೊಡುವುದು, ಸ್ಟ್ರೀಮಿಂಗ್ ಮ್ಯಾಪಿಂಗ್. ವಹಿಸುವಾಗ ದಿಕ್ಕು ಹೇಳಬೇಕು: ಉಪಕರಣದ ಕಡೆಗೋ, ಉಪಕರಣದಿಂದಲೋ, ಎರಡೂ ಕಡೆಗೋ. ವಹಿಸಿಕೊಟ್ಟ ಮೇಲೆ ಮರಳಿ ಪಡೆಯುವವರೆಗೆ ಪ್ರೊಸೆಸರ್ ಅದನ್ನು ಮುಟ್ಟಬಾರದು. ಅಡವಿಟ್ಟ ಒಡವೆ ಬಿಡಿಸುವ ಮುನ್ನ ನಿಮ್ಮದಲ್ಲ.

ಈ ನಿಯಮ ಮುರಿದರೆ ಏನಾಗುತ್ತದೆ? ಒಂದು 64 ಬೈಟಿನ ಕಟ್ಟಿನಲ್ಲಿ ಅರ್ಧ ಉಪಕರಣದ ಮಾಹಿತಿ, ಅರ್ಧ ಇನ್ಯಾವುದೋ ಲೆಕ್ಕ ಇದೆ ಎಂದಿಟ್ಟುಕೊಳ್ಳಿ. ಕಪಾಟಿನ ಹಳೆಯ ಕಟ್ಟನ್ನು ಎಸೆದಾಗ ಅದರೊಂದಿಗೆ ಪಕ್ಕದ ಲೆಕ್ಕವೂ ಹೋಗುತ್ತದೆ. ತಪ್ಪು ಮಾಡಿದ ಡ್ರೈವರ್ ಸುಖವಾಗಿರುತ್ತದೆ. ಕುಸಿಯುವುದು ನೆರೆಯ ಪ್ರೋಗ್ರಾಂ. ಬರೆದವನ ಪಿ.ಸಿ.ಯಲ್ಲಿ ಇದು ಎಂದೂ ಕಾಣದು, ಕೊಂಡವನ ಫೋನಿನಲ್ಲಿ ತಿಂಗಳಿಗೊಮ್ಮೆ ಕಾಣುತ್ತದೆ. ಇಂಥ ದೋಷ ಹುಡುಕುವ ಎಂಜಿನಿಯರಿಗೆ ಎಷ್ಟು ರಾತ್ರಿ ನಿದ್ರೆ ಕೆಡುತ್ತದೆಂದು ಹೇಳತೀರದು. ಸ್ಟ್ಯಾಕ್ ಎಂಬ ತಾತ್ಕಾಲಿಕ ಜಾಗದಲ್ಲಿ ಡಿಎಂಎ ಮಾಡಬೇಡಿ ಎಂದು ಕೈಪಿಡಿ ವರ್ಷಗಟ್ಟಲೆ ಹೇಳುತ್ತಲೇ ಇತ್ತು. ಹಲವು ಯುಎಸ್‌ಬಿ ಡ್ರೈವರುಗಳು ಅದನ್ನೇ ಮಾಡುತ್ತಿದ್ದವು, ನಡೆಯುತ್ತಲೂ ಇತ್ತು. 2016ರ ಡಿಸೆಂಬರಿನಲ್ಲಿ ಲಿನಕ್ಸ್ 4.9 ಬಂದಾಗ ಸ್ಟ್ಯಾಕ್ ಇಡುವ ವಿಧಾನ ಬದಲಾಯಿತು, ಅವೆಲ್ಲ ಒಂದೊಂದಾಗಿ ಮುರಿದುಬಿದ್ದವು. ಕೈಪಿಡಿಯಲ್ಲಿ ಬರೆದಿಟ್ಟ ಮಾತ್ರಕ್ಕೆ ನಿಯಮ ಪಾಲನೆಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಇದಕ್ಕಾಗಿಯೇ 2009ರಲ್ಲಿ ಡಿಎಂಎ ಒಪ್ಪಂದದ ಉಲ್ಲಂಘನೆಗಳನ್ನು ಹಿಡಿದು ಹೇಳುವ ಒಂದು ತಪಾಸಣಾ ಸೌಲಭ್ಯವನ್ನು ಕರ್ನಲಿಗೆ ಸೇರಿಸಿದರು. 2022ರ ಕೊನೆಗೆ ಲಿನಕ್ಸ್ 6.1ರಲ್ಲಿ ರಸ್ಟ್ ಭಾಷೆಗೆ ಪ್ರವೇಶ ಸಿಕ್ಕಿತು. ಒಡೆತನ ಬಿಟ್ಟುಕೊಟ್ಟ ವಸ್ತುವನ್ನು ಮುಟ್ಟಿದರೆ ಪ್ರೋಗ್ರಾಂ ಸಿದ್ಧವಾಗುವ ಹಂತದಲ್ಲೇ ತಡೆಯುವುದು ಆ ಭಾಷೆಯ ಗುಣ. ಹೊಸಬರಿಗೆ ಅಲ್ಲಿ ಮಾಡಲು ಬಹಳ ಕೆಲಸವಿದೆ.

ಇನ್ನು ಒಂದು ಸಣ್ಣ ಲೋಪದ ಕಥೆ. ನನಗೆ ಇದು ಇಡೀ ವಿಷಯದಲ್ಲಿ ಅತ್ಯಂತ ಬೋಧಪ್ರದವೆನಿಸಿದೆ. 2.4ರ ಒಪ್ಪಂದದಲ್ಲಿ ಹಂಚಿಕೆಯ ಮೆಮೊರಿ ಕೇಳುವ ಕರೆಗೆ ಮೂರು ಮಾತು ಕೊಡಬೇಕಿತ್ತು: ಯಾವ ಉಪಕರಣ, ಎಷ್ಟು ಬೈಟ್, ಉಪಕರಣಕ್ಕೆ ಕೊಡುವ ವಿಳಾಸವನ್ನು ಎಲ್ಲಿ ಬರೆಯಲಿ. ಚೊಕ್ಕವಾಗಿ ಕಾಣುತ್ತದೆ, ಅಲ್ಲವೆ? ಆದರೆ ನಾನು ಮೊದಲು ಹೇಳಿದ ಮಾತು, ಕಾಯಬಲ್ಲೆಯಾ ಇಲ್ಲವಾ ಎಂಬುದು, ಅದರಲ್ಲಿ ಬಿಟ್ಟುಹೋಗಿತ್ತು. ಕೇಳುವವನು ಹೇಳಲಾರ, ಆದ್ದರಿಂದ ಕರ್ನಲ್ ಊಹಿಸಬೇಕು. ತಪ್ಪಾದರೂ ಯಂತ್ರ ಸಿಕ್ಕಿಹಾಕಿಕೊಳ್ಳದ ಊಹೆ ಒಂದೇ: ಯಾರೂ ಕಾಯಲಾರರು ಎಂದೇ ತಿಳಿಯುವುದು. ಫಲವಾಗಿ, ಯಂತ್ರ ಆರಂಭವಾಗುವಾಗ ನಿಧಾನವಾಗಿ ಕೇಳುತ್ತಿರುವ ಡ್ರೈವರ್ ಕೂಡ ಆ ಆಪದ್ಧನಕ್ಕೇ ಕೈಹಾಕುತ್ತಿತ್ತು. ಸ್ವಲ್ಪ ಕಾದರೆ ಸಿಗಬಹುದಾಗಿದ್ದ ಮೆಮೊರಿ ಇಲ್ಲವೆಂದು ವಾಪಸಾಗುತ್ತಿತ್ತು. 2003ರ ಡಿಸೆಂಬರಿನಲ್ಲಿ ಬಂದ 2.6ರಲ್ಲಿ ಪಿಸಿಐ ಅಲ್ಲದ ಉಪಕರಣಗಳಿಗೂ ಸಲ್ಲುವ ಡಿಎಂಎ ಅಲಾಕ್ ಕೊಹೆರೆಂಟ್ ಎಂಬ ಹೊಸ ಕರೆ ಬಂತು. ಅದರಲ್ಲಿ ನಾಲ್ಕನೆಯ ಮಾತಿಗೆ ಜಾಗ ಮಾಡಿದರು. ಹಳೆಯದನ್ನು ಬಳಸುವ ಡ್ರೈವರುಗಳು ನೂರಾರು ಇದ್ದುದರಿಂದ ಹಳೆಯ ಹೆಸರನ್ನೂ ಉಳಿಸಿದರು, ಅದೇ ಊಹೆಯೊಂದಿಗೆ. ಅದನ್ನು ಪೂರ್ತಿ ಕಿತ್ತುಹಾಕಲು 2022 ಬರಬೇಕಾಯಿತು. ಒಂದು ಬಿಟ್ಟುಹೋದ ಮಾತನ್ನು ಪೂರ್ತಿ ಸರಿಪಡಿಸಲು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಒಪ್ಪಂದ ಬರೆಯುವಾಗ ಅವಸರ ಮಾಡುವವರಿಗೆ ನಾನು ಈ ಎರಡು ತಾರೀಖುಗಳನ್ನೇ ತೋರಿಸುವುದು.

ಸೋಲನ್ನು ಹೇಗೆ ತಿಳಿಸಬೇಕು ಎಂಬುದೂ ಒಪ್ಪಂದದ ಭಾಗವೇ. ವಿಳಾಸ ಸಿಗದಿದ್ದಾಗ ಸೊನ್ನೆ ವಾಪಸು ಕೊಡಬಹುದಲ್ಲ ಎನ್ನುತ್ತೀರಿ. ಆದರೆ ಉಪಕರಣದ ಲೋಕದಲ್ಲಿ ಸೊನ್ನೆಯೂ ಸರಿಯಾದ ವಿಳಾಸವಾಗಿರಬಹುದು. ಆದ್ದರಿಂದ ಸೋತಿತೇ ಎಂದು ಕೇಳಲು ಪ್ರತ್ಯೇಕ ಕರೆ ಇಟ್ಟರು. ಕೇಳದೆ ಮುಂದುವರಿದ ಡ್ರೈವರುಗಳನ್ನು ಎಣಿಸಲು ಹೋಗುವುದು ಬೇಡ. ಇನ್ನೊಂದು ಕಡೆ, "ನೂರು ವಸ್ತು, ಒಂದೊಂದು ಇಷ್ಟು ಬೈಟ್" ಎಂದು ಗುಣಿಸಿ ಕೇಳುವಾಗ ಗುಣಲಬ್ಧ ಮಿತಿಮೀರಿದರೆ ಅಂಕಿ ಸುತ್ತಿಬಂದು ಚಿಕ್ಕದಾಗಿಬಿಡುತ್ತದೆ. ಕೊಟ್ಟದ್ದು ಚಿಕ್ಕ ಜಾಗ, ಬರೆಯುವುದು ದೊಡ್ಡದು. ದುರುದ್ದೇಶದವರು ಒಳನುಸುಳುವ ಕಂಡಿ ಇದು. ಈಗ ಗುಣಾಕಾರವನ್ನು ಕರ್ನಲಿಗೇ ಬಿಡುವ ಕರೆಗಳಿವೆ. ಎರಡು ಅಂಕಿ ಬೇರೆಬೇರೆಯಾಗಿ ಕೊಟ್ಟರೆ ಅದು ಪರೀಕ್ಷಿಸಿಯೇ ಗುಣಿಸುತ್ತದೆ.

ಮೊಬೈಲು ಬಂದ ಮೇಲೆ ಇನ್ನೊಂದು ಗೊಂದಲ. ಕ್ಯಾಮೆರಾ ಒಂದು ಚಿತ್ರ ತೆಗೆಯುತ್ತದೆ, ಗ್ರಾಫಿಕ್ಸ್ ಚಿಪ್ ಅದನ್ನು ತಿದ್ದುತ್ತದೆ, ಪರದೆ ತೋರಿಸುತ್ತದೆ. ಮೂರು ಉಪಕರಣ, ಒಂದೇ ಮೆಮೊರಿ. ಕೆಲವಕ್ಕೆ ಹಲವು ಎಂ.ಬಿ. ಒಂದೇ ಪಟ್ಟಿಯಾಗಿ ಬೇಕು, ತುಂಡು ತುಂಡಾಗಿ ಕೊಟ್ಟರೆ ಆಗದು. ಕರ್ನಲಿನಲ್ಲಿ ಇದಕ್ಕೆ ತಕ್ಕ ಒಪ್ಪಂದ ಇಲ್ಲದ್ದರಿಂದ ಒಬ್ಬೊಬ್ಬರು ಒಂದೊಂದು ಅಂಗಡಿ ತೆರೆದರು. ಕ್ವಾಲ್‌ಕಾಮ್ ಚಿಪ್ಪುಗಳಿಗೆ ಪಿಮೆಮ್, ಎನ್ವಿಡಿಯಾ ಟೆಗ್ರಾಕ್ಕೆ ಎನ್‌ವಿಮ್ಯಾಪ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿಗೆ ಸಿಮೆಮ್. ಒಂದರದ್ದು ಇನ್ನೊಂದಕ್ಕೆ ಆಗದು. ಗೂಗಲ್ 2011ರ ಹೊತ್ತಿಗೆ ಅಯಾನ್ ಎಂಬ ಒಂದೇ ವ್ಯವಸ್ಥೆ ತಂದಿತು. ಒಳ್ಳೆಯ ಪ್ರಯತ್ನವೇ. ಆದರೆ ಅದರಲ್ಲಿ ಯಾವ ಗೋದಾಮಿನಿಂದ ಮೆಮೊರಿ ಬೇಕೆಂದು ಕೇಳುವವನೇ ಸಂಖ್ಯೆ ಹೇಳಬೇಕಿತ್ತು, ಆ ಸಂಖ್ಯೆಗಳೋ ಫೋನಿನಿಂದ ಫೋನಿಗೆ ಬೇರೆ. ಮತ್ತೆ "ಎರಡು ದೊಡ್ಡ ಪಾತ್ರೆ ಕೊಡಿ" ಎಂಬಲ್ಲಿಗೇ ಬಂದೆವು. ಇತ್ತ ಮುಖ್ಯ ಕರ್ನಲಿನವರು 2012ರಲ್ಲಿ ಎರಡು ಸಂಗತಿ ಸೇರಿಸಿದರು. ಉಪಕರಣಗಳ ನಡುವೆ ಮೆಮೊರಿ ಹಂಚಿಕೊಳ್ಳಲು ಡಿಎಂಎ-ಬಫ್; ದೊಡ್ಡ ಪಟ್ಟಿಯನ್ನು ಕಾದಿಟ್ಟು, ಉಪಕರಣಕ್ಕೆ ಬೇಡದಾಗ ಬೇರೆಯವರಿಗೆ ಬಳಸಲು ಬಿಡುವ ಸಿಎಂಎ. ಎರಡನೆಯದು ಸ್ಯಾಮ್‌ಸಂಗ್ ಎಂಜಿನಿಯರುಗಳ ಶ್ರಮ. ಕೊನೆಗೆ 2020ರಲ್ಲಿ ಪ್ರತಿ ಗೋದಾಮಿಗೂ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಅನುಮತಿ ಇರುವ ಹೊಸ ವ್ಯವಸ್ಥೆ ಬಂತು. 2021ರಲ್ಲಿ ಅಯಾನನ್ನು ಲಿನಕ್ಸ್ ಮೂಲದಿಂದ ತೆಗೆದರು.

ಮೆಮೊರಿ ಪಡೆದದ್ದಾಯಿತು, ಮರಳಿ ಕೊಡುವುದು ಯಾವಾಗ? 2007ರಿಂದ ಕರ್ನಲಿನಲ್ಲಿ ಒಂದು ಅನುಕೂಲವಿದೆ. ಈ ಮೆಮೊರಿ ಈ ಉಪಕರಣದ ಖಾತೆಗೆ ಎಂದು ಕೇಳಿದರೆ, ಡ್ರೈವರ್ ಉಪಕರಣದಿಂದ ಕಳಚಿಕೊಂಡಾಗ ಅದು ತಾನೇ ಮರಳುತ್ತದೆ. ಸಾಲ ತೀರಿಸಲು ಮರೆಯುವವರಿಗೆ ಇದು ವರದಾನ. ಆದರೆ ಯುಎಸ್‌ಬಿ ಕ್ಯಾಮೆರಾವನ್ನು ನೀವು ಎಳೆದು ತೆಗೆದಿರಿ, ವಿಡಿಯೊ ಪ್ರೋಗ್ರಾಂ ಇನ್ನೂ ಅದರ ಕಡತವನ್ನು ತೆರೆದು ಕೂತಿದೆ ಎನ್ನಿ. ಉಪಕರಣ ಹೋಯಿತು, ಖಾತೆ ಮುಚ್ಚಿತು, ಮೆಮೊರಿ ಇನ್ನೊಬ್ಬರಿಗೆ ಹಂಚಿಯಾಯಿತು. ಹಳೆಯ ಪ್ರೋಗ್ರಾಂ ಅಲ್ಲಿಗೇ ಬರೆಯಲು ಹೋಗುತ್ತದೆ. ಉಪಕರಣದ ಆಯುಷ್ಯವೂ ಬಳಕೆದಾರನ ಆಯುಷ್ಯವೂ ಒಂದೇ ಎಂದು ಒಪ್ಪಂದ ಭಾವಿಸಿದ್ದರಿಂದ ಬಂದ ತೊಂದರೆ ಇದು. ಕರ್ನಲ್ ಬರೆಯುವವರ ಸಮ್ಮೇಳನಗಳಲ್ಲಿ ಇದರ ಬಗ್ಗೆ ಕಾವೇರಿದ ಚರ್ಚೆಗಳು ನಡೆದಿವೆ.

ಸುರಕ್ಷತೆಯ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ನಡುವೆ ಠಾಣೆ ಇಲ್ಲದಿದ್ದರೆ ಡಿಎಂಎ ಮಾಡಬಲ್ಲ ಯಾವ ಉಪಕರಣವೂ ತನಗೆ ಎಟುಕುವ ಮೆಮೊರಿಯನ್ನೆಲ್ಲ ಓದಬಲ್ಲದು. ಠಾಣೆ ಇದ್ದರೂ ಸಾಲದು, ಕಾವಲು ಬಿಗಿಯಾಗಿರಬೇಕು ಎಂದು 2019ರಲ್ಲಿ ಪ್ರಕಟವಾದ ಥಂಡರ್‌ಕ್ಲ್ಯಾಪ್ ಎಂಬ ಸಂಶೋಧನೆ ತೋರಿಸಿತು. ಅಪರಿಚಿತರು ಕೊಟ್ಟ ಉಪಕರಣವನ್ನು ಲ್ಯಾಪ್‌ಟಾಪಿಗೆ ಚುಚ್ಚಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಈಗ ವಿದ್ಯಾರ್ಥಿಗಳು ಕೇಳಬಹುದು: ಇದನ್ನು ಕಲಿಯಲು ದುಬಾರಿ ಹಾರ್ಡ್‌ವೇರ್ ಬೇಡವೆ, ದೊಡ್ಡ ಕಾಲೇಜಿನ ಲ್ಯಾಬ್ ಬೇಡವೆ? ಬೇಡ. ಕ್ಯೂಎಂಯು ಎಂಬ ಉಚಿತ ತಂತ್ರಾಂಶವಿದೆ. ನಿಮ್ಮ ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರನ್ನು ತಂತ್ರಾಂಶದಲ್ಲೇ ನಿರ್ಮಿಸುತ್ತದೆ. ಅದರಲ್ಲಿ ಎಡು ಎಂಬ ಹೆಸರಿನ ಒಂದು ಪಿಸಿಐ ಉಪಕರಣವನ್ನು ವಿದ್ಯಾರ್ಥಿಗಳು ಡ್ರೈವರ್ ಬರೆಯಲು ಕಲಿಯಲೆಂದೇ ಇಟ್ಟಿದ್ದಾರೆ. ಅದಕ್ಕೆ ಒಂದು ಅಂಕಿ ಕೊಟ್ಟರೆ ಅದರ ಫ್ಯಾಕ್ಟೋರಿಯಲ್ ಲೆಕ್ಕ ಹಾಕಿಕೊಡುತ್ತದೆ, ಗಂಟೆ ಬಾರಿಸುತ್ತದೆ, 4096 ಬೈಟಿನ ತನ್ನ ಸ್ವಂತ ಜಾಗಕ್ಕೂ ನಿಮ್ಮ ಮೆಮೊರಿಗೂ ನಡುವೆ ಡಿಎಂಎ ಮಾಡುತ್ತದೆ. ಅದರ ಕೈ ಬೇಕೆಂದೇ ಗಿಡ್ಡ, 28 ಬಿಟ್. ಅಂದರೆ 256 ಎಂ.ಬಿ.ವರೆಗೆ ಮಾತ್ರ. ಅದಕ್ಕಿಂತ ಮೇಲಿನ ವಿಳಾಸ ಕೊಟ್ಟರೆ ಮೇಲಿನ ಬಿಟ್ಟುಗಳನ್ನು ಕತ್ತರಿಸಿ, ಉಳಿದ ವಿಳಾಸಕ್ಕೇ ಹೋಗಿ ಬರೆದುಬಿಡುತ್ತದೆ.

ಮೊದಲು ಅದಕ್ಕೊಂದು ಚಿಕ್ಕ ಡ್ರೈವರ್ ಬರೆಯಿರಿ, ಡಿಎಂಎ ಮಾಸ್ಕ್ ಹೇಳುವ ಒಂದು ಸಾಲನ್ನು ಬೇಕೆಂದೇ ಬಿಟ್ಟು. ಕ್ಯೂಎಂಯು ತಾನಾಗಿ ಕೊಡುವ ಮೆಮೊರಿ 128 ಎಂ.ಬಿ.; ಅಷ್ಟರಲ್ಲೇ ನಡೆಯುವ ಪುಟ್ಟ ಲಿನಕ್ಸ್ ಹಾಕಿ. ಡ್ರೈವರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಎಷ್ಟು ಸಲ ಓಡಿಸಿದರೂ. ಆ ಮೇಲೆ ಮೆಮೊರಿಯನ್ನು 1 ಜಿ.ಬಿ.ಗೆ ಏರಿಸಿ ಮತ್ತೆ ಓಡಿಸಿ, ನೀವು ಕೇಳಿದ ಮಾಹಿತಿ ಎಲ್ಲಿ ಹೋಗಿ ಬಿದ್ದಿದೆ ಎಂದು ಹುಡುಕಿ. ಹುಡುಕಿದವರು ಊಟದ ನಂತರ ಬಂದು ನನ್ನನ್ನು ಕಾಣಬಹುದು, ಸಂಜೆಯವರೆಗೂ ಇಲ್ಲೇ ಇರುತ್ತೇನೆ.